ಅಡಿಯಿಂದ ನೋಡಿದ ಮೂರುಕಾಲಿನ ಮೇಜು

14 ಜೂನ್ 2024, ಶುಕ್ರವಾರ

ಇವತ್ತೆಲ್ಲ ಒಂದೇ ನಕ್ಷೆ ನೋಡಿದ್ದಾಯಿತು. ಅಮೆರಿಕದ ಶೇಕರ್ ಎಂಬ ಕ್ರೈಸ್ತ ಪಂಥದವರ ಪುಟ್ಟ ದುಂಡು ಮೇಜು. ನ್ಯೂಯಾರ್ಕ್ ರಾಜ್ಯದ ಮೌಂಟ್ ಲೆಬನಾನ್‌ನಲ್ಲಿ 19ನೇ ಶತಮಾನದ ಮೊದಲರ್ಧದಲ್ಲಿ ಮಾಡುತ್ತಿದ್ದ ಮಾದರಿ: ಚೆರಿ ಮರ, ಲೇತಿನಲ್ಲಿ ಕಡೆದ ಒಂದು ಕಂಬ, ಮೂರು ಬಾಗು ಕಾಲು, ಮೇಲೊಂದು ಹಲಗೆ. ಎತ್ತರ ಸುಮಾರು 25 ಇಂಚು. ಕೆತ್ತನೆಯ ಒಂದು ಗೆರೆಯೂ ಇಲ್ಲ.

ಹಲಗೆಗೆ ಎರಡು ವ್ಯಾಸ ಬರೆದಿದ್ದಾರೆ: ಮರದ ಎಳೆಯ (ನಾರಿನ) ಉದ್ದಕ್ಕೆ 18 ಇಂಚು, ಎಳೆಗೆ ಅಡ್ಡಲಾಗಿ 17¾. ಅಳತೆ ತಪ್ಪಿಲ್ಲ. ಮಾಡಿದ ದಿನ ಪೂರ್ತಿ ದುಂಡಗಿದ್ದ ಹಲಗೆ ಒಣಗುತ್ತಾ ಅಡ್ಡಕ್ಕೆ ಕುಗ್ಗಿದೆ. ಉದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎರಡನ್ನೂ ಅಳೆದು ಬರೆದ ಆ ಕೈಗೆ ನಮಸ್ಕಾರ. ದಪ್ಪ 5 ನೂಲು (ಇಂಚಿಗೆ 8 ನೂಲು). ಅಂಚಿನ ಅಡಿಯನ್ನು ಓರೆಯಾಗಿ ಕೀಸಿರುವುದರಿಂದ ಎದುರಿಗೆ ಕಾಣುವುದು 2 ನೂಲು ಅಷ್ಟೆ.

ಹಲಗೆಯನ್ನು ಕಂಬಕ್ಕೆ ಹಿಡಿಸುವ ಅಡಿಯ ಮರದ ಪಟ್ಟಿ ಹಲಗೆಯ ಎಳೆಗೆ ಅಡ್ಡವಾಗಿ ಕೂರುತ್ತದೆ. ಹೊಸದಾಗಿ ಮಾಡುವವರು ಪಟ್ಟಿಯ ತುದಿಗಳ ಸ್ಕ್ರೂ ತೂತನ್ನು ಪಟ್ಟಿಯುದ್ದಕ್ಕೆ ಸ್ವಲ್ಪ ಹಿಗ್ಗಿಸಿಕೊಳ್ಳಿ. ಮಳೆಗಾಲಕ್ಕೂ ಬೇಸಿಗೆಗೂ ಹಲಗೆ ಒಂದು ನೂಲಿನಷ್ಟು ಆಡುತ್ತದೆ. ಬಿಗಿದು ಕಟ್ಟಿದರೆ ಸೀಳುತ್ತದೆ. ಕಂಬದ ತುದಿಗೆ ಹೊಡೆಯುವ ಬೆಣೆಯೂ ಪಟ್ಟಿಯ ಎಳೆಗೆ ಅಡ್ಡವಾಗಿಯೇ ಇರಬೇಕು, ಇಲ್ಲದಿದ್ದರೆ ಪಟ್ಟಿಯೇ ಒಡೆಯುತ್ತದೆ.

ಆದರೆ ಈ ನಕ್ಷೆಯ ಜೀವ ಇರುವುದು ಅಡಿನೋಟದಲ್ಲಿ. ಕಂಬದ ಬುಡದಲ್ಲಿ 120 ಡಿಗ್ರಿಗೊಂದರಂತೆ ಮೂರು ಡವ್‌ಟೇಲ್ ತೋಡು (ಪಾರಿವಾಳದ ಬಾಲದಂತೆ ಒಳಗೆ ಅಗಲ, ಬಾಯಲ್ಲಿ ಕಿರಿದು). ಕಾಲನ್ನು ಕೆಳಗಿನಿಂದ ಮೇಲಕ್ಕೆ ಜಾರಿಸಿ ಕೂರಿಸಬೇಕು. ಮೇಲೆ ಭಾರ ಬಿದ್ದಾಗ ಕಾಲುಗಳು ಹೊರಕ್ಕೆ ಒದೆಯುತ್ತವೆ, ಆ ಎಳೆತವೆಲ್ಲ ತೋಡಿನ ಕೆಳತುದಿಗೆ ಬರುತ್ತದೆ, ಕಂಬ ಸೀಳುವುದೂ ಅಲ್ಲೇ. ಅದಕ್ಕೇ ಬುಡಕ್ಕೆ ಮೂರು ತೋಳಿನ ತೆಳು ಕಬ್ಬಿಣದ ತಗಡು, ಒಂದೊಂದು ಕಾಲಿಗೆ ಒಂದೊಂದು ತೋಳು. ಎದುರುನೋಟ ಮಾತ್ರ ಕೊಡುವ ನಕ್ಷೆಗಳಲ್ಲಿ ಈ ತಗಡು ಕಾಣುವುದೇ ಇಲ್ಲ. ಅಂಥದ್ದನ್ನು ನಂಬಿ ಮೇಜು ಮಾಡಬೇಡಿ.

ಕಾಲಿನ ಮೇಲೊಂದು ಬಾಣದ ಗುರುತಿದೆ: ಎಳೆ ಕಂಬದಿಂದ ಪಾದದವರೆಗೆ ಹರಿಯಬೇಕು. ನೆಟ್ಟಗೆ ನಿಂತ ಎಳೆಯಲ್ಲಿ ಕೊಯ್ದರೆ ಕಾಲು ಸಣ್ಣಗಾಗುವಲ್ಲಿ ಮುರಿಯುತ್ತದೆ. ಕಾಲಿನ ದಪ್ಪ: ಕಂಬದ ಬಳಿ 6 ನೂಲು, ಪಾದದಲ್ಲಿ 4. ಮೊದಲು ಕಾಲಿನ ತುದಿಯ ಡವ್‌ಟೇಲ್ ಕತ್ತರಿಸಿ, ಆಮೇಲೆ ಬಾಗು ಕೊಯ್ಯಿರಿ. ಮೊದಲೇ ಬಾಗು ಕೊಯ್ದರೆ ವೈಸ್‌ನಲ್ಲಿ ಹಿಡಿಯಲು ನೇರ ಅಂಚು ಉಳಿಯುವುದಿಲ್ಲ.