ಬಾನೆಟ್ ತೆಗೆದ್ರೆ ಮಾಯ ಆಗ್ತಿದ್ದ ಮಿಸ್ಸಿಂಗ್

ಗಾಡಿ ಬಿಸಿ ಆದ್ಮೇಲೆ ಮಾತ್ರ ಬರೋ ಮಿಸ್ಸಿಂಗ್ (ಯಾವುದೋ ಸಿಲಿಂಡರಲ್ಲಿ ಪೆಟ್ರೋಲ್ ಆಗಾಗ ಹೊತ್ಕೊಳ್ದೇ ಹೋಗೋದು) ಅಂದ್ರೆ ನಮ್ಮ ಮೆಕ್ಯಾನಿಕ್ ಲೈನಲ್ಲಿ ಎಲ್ರಿಗೂ ತಲೆನೋವು. ಓನರ್ ಓಡಿಸ್ವಾಗ ಕುಣಿಯುತ್ತೆ, ನಮ್ಮ ಹತ್ರ ಬಂದ್ರೆ ಏನೂ ಗೊತ್ತಿಲ್ದೋರ ಥರ ನಿಂತ್ಕೊಳ್ಳುತ್ತೆ. ಒಂದು ಗಾಡಿ ನನ್ನನ್ನ ಮೂರು ಸಲ ಆಟ ಆಡಿಸ್ತು, ಅದರಲ್ಲಿ ಒಂದೂವರೆ ಸಲ ತಪ್ಪು ನಂದೇ, ಅದಕ್ಕೇ ಬರೀತಿದೀನಿ.

ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, ಒಂದೊಂದು ಪ್ಲಗ್ ಮೇಲೂ ಒಂದೊಂದು ಕಾಯಿಲ್, ಅಂದ್ರೆ ಪ್ಲಗ್ಗಿಗೆ ಸ್ಪಾರ್ಕ್ ಹೊಡೆಯೋ ಕರೆಂಟ್ ಕೊಡೋ ಭಾಗ. ಕಂಪ್ಲೇಂಟ್ ಏನಪ್ಪಾ ಅಂದ್ರೆ ಬೆಳಿಗ್ಗೆ ಚೆನ್ನಾಗಿರುತ್ತೆ, ಅರ್ಧ ಗಂಟೆ ಓಡಿಸಿದ್ಮೇಲೆ ಓವರ್‌ಟೇಕ್ ಮಾಡೋಕೆ ಒತ್ತಿದ್ರೆ ಜರ್ಕ್ ಹೊಡೆಯುತ್ತೆ, ಚೆಕ್ ಇಂಜಿನ್ ಲೈಟ್ ಮಿಣಕ್ ಮಿಣಕ್ ಅನ್ನುತ್ತೆ. (ಲೈಟ್ ಸುಮ್ನೆ ಉರೀತಿದ್ರೆ ನಿಧಾನಕ್ಕೆ ಗ್ಯಾರೇಜಿಗೆ ತನ್ನಿ, ಮಿಣುಕ್ತಿದ್ರೆ ಆಕ್ಸಿಲರೇಟರ್ ಒತ್ಲೇಬೇಡಿ. ಸುಡದೇ ಇರೋ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಸುಟ್ಟು ಅದನ್ನೇ ಕರಗಿಸಿಬಿಡುತ್ತೆ.) ಸ್ಕ್ಯಾನರ್ ಹಾಕಿದ್ರೆ ಪಿ 0303 ಅನ್ನೋ ಕೋಡ್, ಅಂದ್ರೆ ಮೂರನೇ ಸಿಲಿಂಡರಲ್ಲಿ ಮಿಸ್ಸಿಂಗ್. ಗಾಡಿ ರಾತ್ರಿಯೆಲ್ಲ ನಿಂತಿತ್ತು, ಪೂರ್ತಿ ತಣ್ಣಗಿತ್ತು. ಕಾಯಿಲ್ಲಿಗೆ ವೈರ್ ಸಿಕ್ಕಿಸೋ ಕಪ್ಲರ್ ಕಿತ್ತು ಮಲ್ಟಿಮೀಟರ್ ಪ್ರೋಬ್ ಮುಂದಿನಿಂದ ಚುಚ್ಚಿ ನೋಡ್ದೆ, ಸಪ್ಲೈ ಬರ್ತಿದೆ, ಅರ್ಥ್ ಇದೆ, ಸರಿ ಹಾಗಾದ್ರೆ ಕಾಯಿಲ್ಲೇ ಅಂತ ಕಾಯಿಲ್ಲು ಪ್ಲಗ್ಗು ಎರಡೂ ಹೊಸದು ಹಾಕಿ, ಕೋಡ್ ಕ್ಲಿಯರ್ ಮಾಡಿ ಕಳಿಸಿದೆ.

ನಾಲ್ಕು ದಿನಕ್ಕೆ ವಾಪಸ್. ಅದೇ 0303. ಹೊಸ ಕಾಯಿಲ್ಲೇ ಡಿಫೆಕ್ಟ್ ಇರ್ಬೇಕು ಅನ್ಕೊಂಡು ಮೂರರದ್ದನ್ನ ಒಂದಕ್ಕೆ, ಒಂದರದ್ದನ್ನ ಮೂರಕ್ಕೆ ಹಾಕಿ ಸ್ಟಾರ್ಟ್ ಮಾಡಿ ಬಾನೆಟ್ ಎತ್ತಿ ಇಟ್ಟು ನೋಡ್ತಾ ನಿಂತೆ, ಅರ್ಧ ಗಂಟೆ ಆದ್ರೂ ಒಂದು ಮಿಸ್ಸೂ ಇಲ್ಲ. ಕಪ್ಲರ್ ಸರಿಯಾಗಿ ಕೂತಿರ್ಲಿಲ್ವೇನೋ, ಈಗ ಕೂತಿದೆ ಅಂತ ನನಗೆ ನಾನೇ ಹೇಳ್ಕೊಂಡು ಕಳಿಸಿದೆ. ಅದಲು ಬದಲು ಮಾಡಿದಾಗ ಮಿಸ್ ಒಂದನೇ ಸಿಲಿಂಡರಿಗೆ ಹೋದ್ರೆ ಕಾಯಿಲ್ ತಪ್ಪು, ಮೂರರಲ್ಲೇ ಉಳಿದ್ರೆ ಕಾಯಿಲ್ ತಪ್ಪಲ್ಲ, ಮಿಸ್ಸೇ ಬರ್ಲಿಲ್ಲ ಅಂದ್ರೆ ಟೆಸ್ಟೇ ಆಗಿಲ್ಲ ಅಂತ ಅರ್ಥ. ಇದು ಗೊತ್ತಿಲ್ದೇ ಇರೋ ವಿಷಯ ಏನಲ್ಲ, ಆವತ್ತು ಸಾಯಂಕಾಲ ಇನ್ನೂ ಮೂರು ಗಾಡಿ ಕಾಯ್ತಿದ್ವು.

ಮೂರನೇ ಸಲ ಬಂದಾಗ ಕೋಡ್ ಕ್ಲಿಯರ್ ಮಾಡೋಕೆ ಮುಂಚೆ ಫ್ರೀಜ್ ಫ್ರೇಮ್ ತೆಗೆದು ಕೂತೆ. ಕೋಡ್ ಬಿದ್ದ ಹೊತ್ತಲ್ಲಿ ಇಂಜಿನ್ ಯಾವ ಸ್ಥಿತೀಲಿತ್ತು ಅಂತ ಇಸಿಯು (ಇಂಜಿನ್ನಿನ ಕಂಪ್ಯೂಟರ್) ಒಂದು ಫೋಟೋ ಹಿಡಿದಂಗೆ ಇಟ್ಕೊಂಡಿರುತ್ತೆ, ಕ್ಲಿಯರ್ ಒತ್ತಿದ್ರೆ ಅದೂ ಅಳಿಸಿಹೋಗುತ್ತೆ. ಕೂಲೆಂಟ್ 98 ಡಿಗ್ರಿ, ಆರ್‌ಪಿಎಂ 790, ಸ್ಪೀಡ್ ಸೊನ್ನೆ, ಇಂಟೇಕ್ ಏರ್, ಅಂದ್ರೆ ಇಂಜಿನ್ ಒಳಗೆ ಎಳ್ಕೊಳ್ಳೋ ಗಾಳಿ, 64 ಡಿಗ್ರಿ. ಈ 64 ನೋಡಿ ತಲೆಗೆ ಹೊಳೀತು. ಗಾಡಿ ನಿಂತಲ್ಲೇ ನಿಂತು ಬಾನೆಟ್ ಒಳಗಿನ ಗಾಳಿಯೆಲ್ಲ ಬೇಯ್ತಾ ಇರುವಾಗ ಮಾತ್ರ ಇದು ಬರ್ತಿದೆ. ನಾನು ಪ್ರತಿ ಸಲ ಮಾಡ್ತಿದ್ದ ಮೊದಲ ಕೆಲಸ ಏನು? ಬಾನೆಟ್ ಎತ್ತೋದು! ಎತ್ತಿದ ಐದು ನಿಮಿಷಕ್ಕೆ ಕಾಯಿಲ್ ಸುತ್ತ ಇರೋ ಬಿಸಿಯೆಲ್ಲ ಹೊರಗೆ ಹೋಗುತ್ತೆ, ಆಮೇಲೆ ಕಾದ್ರೆ ಏನು ಬಂತು.

ಸರಿ ಅಂತ ಬಾನೆಟ್ ಮುಚ್ಚಿ, ಎಸಿ ಆನ್ ಮಾಡಿ, ಸ್ಕ್ಯಾನರಲ್ಲಿ ಮಿಸ್‌ಫೈರ್ ಕೌಂಟರ್ ಓಪನ್ ಮಾಡಿ ಸೀಟಲ್ಲಿ ಕೂತ್ಕೊಂಡೆ. 35 ನಿಮಿಷ ಸೊನ್ನೆ. ಆಮೇಲೆ ಮೂರನೇ ಸಿಲಿಂಡರ್ ಎದುರು 2, ಆಮೇಲೆ 5, ಆಮೇಲೆ ನಿಂತ್ಹೋಯ್ತು, ಮತ್ತೆ 11, ಸ್ಟೀರಿಂಗ್ ಅಲ್ಲಾಡೋಕೆ ಶುರು. ಇಷ್ಟು ಖುಷಿಯಿಂದ ಯಾರೂ ಮಿಸ್ಸಿಂಗ್ ನೋಡಿರಲ್ಲ.

ಹುಡುಗನಿಗೆ ಬಾನೆಟ್ ಎತ್ತೋಕೆ ಹೇಳಿ, ತಣ್ಣಗಾಗೋದ್ರೊಳಗೆ ಸ್ಕ್ರೂಡ್ರೈವರ್ ಹಿಡಿಯಿಂದ ಒಂದೊಂದೇ ಕಪ್ಲರ್ ಮೆಲ್ಲಗೆ ತಟ್ಕೊಂಡು ಬಂದೆ. ಒಂದು, ಎರಡು ಏನಿಲ್ಲ, ಮೂರಕ್ಕೆ ತಟ್ಟಿದ ಕೂಡ್ಲೇ ಇಂಜಿನ್ ತೊಡರ್ಕೊಂಡ್ತು, ಮತ್ತೆ ತಟ್ಟಿದ್ರೆ ಸರಿ ಆಯ್ತು. ಇಂಜಿನ್ ಆಫ್ ಮಾಡಿ ಕಪ್ಲರ್ ಕಿತ್ತು, ನನ್ನ ಹತ್ರ ಇದ್ದ ಅದೇ ಸೈಜಿನ ಬಿಡಿ ಪಿನ್ನನ್ನ ಒಂದೊಂದು ತೂತಿಗೂ ಹಾಕಿ ಎಳೆದು ನೋಡ್ದೆ. ಎರಡು ತೂತಲ್ಲಿ ಬಿಗಿಯಾಗಿ ಹಿಡ್ಕೊಳ್ಳುತ್ತೆ, ಸಪ್ಲೈ ಬರೋ ತೂತಲ್ಲಿ ಕಪ್ಲರ್ ತಲೆಕೆಳಗೆ ಮಾಡಿದ್ರೆ ಪಿನ್ ತಾನೇ ಜಾರಿ ಬಿತ್ತು.

ಹುಡುಗ ಮುಗ್ಧವಾಗಿ ಕೇಳ್ದ, "ಅಣ್ಣ, ಇದನ್ಯಾರು ಹಿಗ್ಗಿಸಿದ್ದು?"

ನಾನೇ ಕಣಪ್ಪಾ. ಮೊದಲನೇ ದಿನ ಮಲ್ಟಿಮೀಟರ್ ಪ್ರೋಬ್ ಚುಚ್ಚಿದ್ನಲ್ಲ, ಆ ತುದಿ ಪಿನ್ನಿಗಿಂತ ಎಷ್ಟೋ ದಪ್ಪ, ಒಳಗಿರೋ ಸಣ್ಣ ಸ್ಪ್ರಿಂಗ್ ನಾಲಿಗೆ ಅಗಲ ಆಗ್ಹೋಗಿತ್ತು. ತಣ್ಣಗಿರುವಾಗ ಹೇಗೋ ತಾಗಿಕೊಂಡಿರ್ತಿತ್ತು, ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಐಡ್ಲಿಂಗಿನ ನಡುಕಕ್ಕೆ ಬಿಟ್ಟು ಬಿಟ್ಟು ತಾಗ್ತಿತ್ತು. ಚೆಕ್ ಮಾಡ್ಬೇಕಿದ್ರೆ ಕಪ್ಲರ್ ಹಿಂದಿನಿಂದ, ವೈರ್ ಪಕ್ಕದಲ್ಲಿ ತೆಳು ಸೂಜಿ ಇಳಿಸಿ ನೋಡ್ಬೇಕು. ಅದೂ ಬರೀ ವೋಲ್ಟೇಜ್ ನೋಡಿದ್ರೆ ಸಾಲ್ದು, ಒಂದೇ ಎಳೆ ತಾಗಿದ್ರೂ ಮೀಟರ್ 12 ವೋಲ್ಟ್ ತೋರ್ಸುತ್ತೆ. ಟೆಸ್ಟ್ ಲ್ಯಾಂಪ್ ಹಾಕಿ ಕರೆಂಟ್ ಎಳೆಸಿದಾಗ್ಲೇ ಬಂಡವಾಳ ಗೊತ್ತಾಗೋದು.

ಇನ್ನೊಂದು ವಿಷಯ ಆಗ ನೆನಪಾಯ್ತು. ಮೊದಲನೇ ಸಲ ಹುಡುಗ ಸ್ಕ್ಯಾನರ್ ಸ್ಕ್ರೀನ್ ಫೋಟೋ ಹೊಡ್ಕೊಂಡಿದ್ದ, ಅವನ ಫೋನಲ್ಲಿ ಹುಡುಕಿದ್ರೆ ಆವತ್ತಿನ ಫ್ರೀಜ್ ಫ್ರೇಮ್ ಸಿಕ್ತು. ಆರ್‌ಪಿಎಂ 2600, ಲೋಡ್ (ಇಂಜಿನ್ ಮೇಲಿನ ಭಾರ) 80 ಪರ್ಸೆಂಟಿನ ಮೇಲೆ. ಅಂದ್ರೆ ಮೊದಲು ಒತ್ತಿದಾಗ ಬರ್ತಿತ್ತು, ಆಮೇಲೆ ನಿಂತಾಗ ಬರ್ತಿತ್ತು. ಕೋಡ್ ಒಂದೇ ಆದ್ರೂ ರೋಗ ಬೇರೆ ಬೇರೆ, ನಾನು ನಂಬರ್ ನೋಡಿ ಒಂದೇ ಅನ್ಕೊಂಡಿದ್ದೆ.

ಸಡಿಲ ಆಗಿದ್ದ ಆ ತೂತಿನ ಟರ್ಮಿನಲ್ ಬದಲಾಯಿಸಿ, ಬಾನೆಟ್ ಮುಚ್ಚಿ ಒಂದು ಗಂಟೆ ಓಡಿಸಿದೆ, ಕೌಂಟರ್ ಸೊನ್ನೆ ಬಿಟ್ಟು ಕದಲ್ಲಿಲ್ಲ. ಕಸ್ಟಮರ್ ಬಂದಾಗ ಎರಡನೇ ಪ್ರಾಬ್ಲಮ್ ನಾನೇ ಮಾಡಿದ್ದು ಸರ್, ಅದಕ್ಕೆ ದುಡ್ಡು ಬೇಡ ಅಂದೆ. ಅವರು ಸ್ವಲ್ಪ ಹೊತ್ತು ನನ್ನೇ ನೋಡಿ, "ಹಾಗಾದ್ರೆ ಹಳೇ ಕಾಯಿಲ್ ಸರಿಯಾಗೇ ಇತ್ತಾ?" ಅಂದ್ರು. ಕೇಳ್ಬೇಕಾದ ಪ್ರಶ್ನೇನೇ. ಪುಣ್ಯಕ್ಕೆ ಹಳೇದು ಬಿಸಾಕಿರ್ಲಿಲ್ಲ.

ಮೂರನೇ ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರಿನ ಕಪ್ಲರ್ ಕಿತ್ತಿಟ್ಟು (ಇಲ್ದಿದ್ರೆ ಹಸಿ ಪೆಟ್ರೋಲ್ ಕನ್ವರ್ಟರಿಗೆ ಹೋಗುತ್ತೆ) ಹಳೇ ಕಾಯಿಲ್ಲಿಗೆ ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಅವರ ಎದುರೇ ಸ್ಟಾರ್ಟ್ ಮಾಡ್ದೆ. ನೀಲಿ ಸ್ಪಾರ್ಕ್ ಟಕ ಟಕ ಅಂತ ಜೋರಾಗಿ ಬರ್ತಿದೆ, ಅವರ ಮುಖ ನೋಡೋಕಾಗ್ಲಿಲ್ಲ. ಹೀಟ್ ಗನ್ ತಗೊಂಡು ದೂರದಿಂದ ಕಾಯಿಸ್ತಾ ಬಂದೆ. ಕಾಯಿಲ್ ಒಳಗೆ ಸುತ್ತಿರೋ ತಾಮ್ರದ ರೆಸಿಸ್ಟೆನ್ಸ್ ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಏರುತ್ತೆ, 20 ಡಿಗ್ರಿಯಿಂದ 100ಕ್ಕೆ ಹೋದ್ರೆ ಹೆಚ್ಚುಕಮ್ಮಿ 30 ಪರ್ಸೆಂಟ್ ಜಾಸ್ತಿ. ಒಳ್ಳೇ ಕಾಯಿಲ್ ಅದನ್ನ ತಡ್ಕೊಳ್ಳುತ್ತೆ, ಒಳಗೆ ಇನ್ಸುಲೇಶನ್ ಬಿರುಕು ಬಿಟ್ಟಿದ್ರೆ ಬಿಸಿಗೆ ಬಾಯಿ ಬಿಡುತ್ತೆ. 88 ಡಿಗ್ರಿಗೆ ಸ್ಪಾರ್ಕ್ ತೆಳ್ಳಗಾಗಿ ಹಳದಿ ಆಯ್ತು, 93ಕ್ಕೆ ಒಂದು ಬಿಟ್ಟು ಒಂದು, ಆಮೇಲೆ ಪೂರ್ತಿ ನಿಂತ್ಹೋಯ್ತು.

"ಸರಿ ಬಿಡಿ, ಕಾಯಿಲ್ ದುಡ್ಡು ತಗೊಳ್ಳಿ" ಅಂದ್ರು.