ನರ್ಮದೆಯ ದಂಡೆಯಲ್ಲಿ ಮನೆಯಿಲ್ಲದ ದಿನಗಳು

ಮನೆ ಬಿಟ್ಟು ತಿಂಗಳುಗಟ್ಟಲೆ ನಡೆಯಲು ಎಷ್ಟು ದುಡ್ಡು ಬೇಕಾಗುತ್ತದೆ ಅಂತ ತುಂಬಾ ಜನ ಕೇಳುತ್ತಾರೆ. ನರ್ಮದಾ ಪರಿಕ್ರಮೆಯ ಮಟ್ಟಿಗೆ ಹೇಳುವುದಾದರೆ, ಹೆಚ್ಚುಕಡಿಮೆ ಏನೂ ಬೇಡ. ಆದರೆ ನನಗೆ ಬೇಡವಾದ ಆ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಈ ಬರಹ ಅದರ ಬಗ್ಗೆಯೇ.

ಗೊತ್ತಿಲ್ಲದವರಿಗೆ ಮೊದಲು ಒಂದಿಷ್ಟು ವಿವರ. ನರ್ಮದೆ ಹುಟ್ಟುವುದು ಮಧ್ಯಪ್ರದೇಶದ ಅಮರಕಂಟಕದಲ್ಲಿ. ಅಲ್ಲಿಂದ ಪಶ್ಚಿಮಕ್ಕೆ 1,312 ಕಿ.ಮೀ. ಹರಿದು, ಗುಜರಾತಿನ ಭರೂಚ್ ದಾಟಿ, ಖಂಭಾತ್ ಕೊಲ್ಲಿ ಸೇರುತ್ತದೆ. ಪರಿಕ್ರಮೆ ಅಂದರೆ ಈ ನದಿಗೆ ಸುತ್ತು ಬರುವುದು: ನದಿಯನ್ನು ಸದಾ ಬಲಕ್ಕೆ ಇಟ್ಟುಕೊಂಡು, ಎಲ್ಲೂ ಅದನ್ನು ಅಡ್ಡ ದಾಟದೆ, ದಕ್ಷಿಣ ದಂಡೆಯಲ್ಲಿ ಸಮುದ್ರದವರೆಗೆ ಹೋಗಿ, ಅಲ್ಲಿ ದೋಣಿ ಹತ್ತಿ ನದಿಯ ಬಾಯಿಯಾಚೆ ಸುತ್ತಿಕೊಂಡು ಉತ್ತರ ದಂಡೆಗೆ ಇಳಿದು, ಮತ್ತೆ ಅಮರಕಂಟಕದ ತನಕ ನಡೆದು, ಕೊನೆಗೆ ಹೊರಟ ಜಾಗವನ್ನೇ ಮುಟ್ಟಬೇಕು. ಎರಡೂ ದಂಡೆ ಸೇರಿದರೆ 2,600 ಕಿ.ಮೀ. ಮೇಲಾಯಿತು. ದಾರಿ ಸುತ್ತಿ ಬಳಸಿ ಹೋಗುವುದರಿಂದ ಕಾಲಿಗೆ ಬೀಳುವುದು ಇನ್ನೂ ಜಾಸ್ತಿ. ಹಳೆಯ ಲೆಕ್ಕದಲ್ಲಿ ಇದಕ್ಕೆ 3 ವರ್ಷ, 3 ತಿಂಗಳು, 13 ದಿನ. ಚಾತುರ್ಮಾಸದಲ್ಲಿ ನಡೆಯುವಂತಿಲ್ಲ, ಒಂದೇ ಕಡೆ ಕೂರಬೇಕು. ಈಗಿನವರು ಹೆಚ್ಚಾಗಿ ಉತ್ಥಾನ ದ್ವಾದಶಿ ಆದಮೇಲೆ ಹೊರಟು ಮಳೆಗಾಲಕ್ಕೆ ಮುಂಚೆ ಮುಗಿಸುತ್ತಾರೆ. ರಜೆ ಸಿಕ್ಕಾಗೆಲ್ಲ ಬಂದು, ಬಿಟ್ಟಲ್ಲಿಂದ ಮುಂದುವರಿಸುವವರೂ ಇದ್ದಾರೆ, ಅದಕ್ಕೆ ಖಂಡ ಪರಿಕ್ರಮೆ ಅನ್ನುತ್ತಾರೆ. ನನ್ನದೂ ಅದೇ.

ಚೀಲದಲ್ಲಿ ಏನಿರಬೇಕು? ಕಂಬಳಿ, ಹಾಸಲು ಒಂದು ಚಾಪೆ, ಎರಡು ಜೊತೆ ಬಟ್ಟೆ, ತಾಟು, ಲೋಟ, ಸಣ್ಣದೊಂದು ಪಾತ್ರೆ, ಕಾಲಿನ ಬೊಬ್ಬೆಗೆ ಸೂಜಿ ದಾರ, ನರ್ಮದೆಯ ನೀರು ತುಂಬಿದ ಪುಟ್ಟ ಬಾಟಲಿ. ಕೈಯಲ್ಲೊಂದು ಕೋಲು. ಇದಕ್ಕಿಂತ ಹೆಚ್ಚು ಹೊತ್ತು ಬಂದವರೆಲ್ಲ ಮೊದಲ ವಾರದಲ್ಲೇ ಸಿಕ್ಕವರಿಗೆ ಹಂಚಿಬಿಡುತ್ತಾರೆ. ಹೆಗಲೇ ಹೇಳಿಕೊಡುತ್ತದೆ.

ಇನ್ನು ಊಟ. ದಂಡೆಯ ಊರುಗಳಲ್ಲಿ ಸದಾವ್ರತ ಅಂತ ಒಂದು ಪದ್ಧತಿ ಇದೆ. ಅಡುಗೆ ಮಾಡಿಕೊಳ್ಳುವ ಪರಿಕ್ರಮಾವಾಸಿಗೆ ಹಿಟ್ಟು, ಬೇಳೆ, ಅಕ್ಕಿ, ಉಪ್ಪು ಕೊಡುವುದು. ಸಂಜೆ ಊರೊಳಗೆ ಕಾಲಿಟ್ಟು "ನರ್ಮದೇ ಹರ್" ಅಂದರೆ ಸಾಕು, ಯಾರಾದರೂ ಒಬ್ಬರು "ಬಾಬಾಜಿ, ಇಲ್ಲೇ ಆಸನ ಹಾಕಿ" ಅನ್ನುತ್ತಾರೆ. ಶಾಲೆಯ ಜಗಲಿಯೋ, ಹನುಮಂತನ ಗುಡಿಯೋ, ಅವರ ಮನೆಯ ಪಡಸಾಲೆಯೋ. ಬಡವಾನಿ ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಜ್ಜಿ ನಾವೆಷ್ಟು ಜನ ಅಂತ ಬೆರಳಲ್ಲೇ ಎಣಿಸಿದರು. ಆಮೇಲೆ ಒಳಗಿನಿಂದ ಸ್ಟೀಲ್ ಲೋಟದಲ್ಲಿ ಮೆಕ್ಕೆಜೋಳದ ಹಿಟ್ಟು ತಂದು, ತಲೆಗೆ ಒಂದೊಂದು ಲೋಟದಂತೆ ನನ್ನ ಪಂಚೆಯ ತುದಿಗೆ ಸುರಿದರು. ಹಳೆಯ ಪೇಪರ್ ಚೂರಲ್ಲಿ ಉಪ್ಪು, ಮೇಲೆ ನಾಲ್ಕು ಹಸಿಮೆಣಸಿನಕಾಯಿ. ಕೊನೆಯ ಲೋಟ ಸುರಿಯುವಾಗ ಡಬ್ಬಿಯ ತಳಕ್ಕೆ ಲೋಟ ಕೆರೆದ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಸಾಕು ಅಮ್ಮಾ ಅಂದರೂ ಬಿಡಲಿಲ್ಲ. ಬೆರಣಿಯ ಕೆಂಡದ ಮೇಲೆ ಸುಟ್ಟ ಆ ದಪ್ಪ ಟಿಕ್ಕಡ್ ತಿಂದು ಮಲಗಿದೆ, ಆದರೆ ನಿದ್ದೆ ಬೇಗ ಬರಲಿಲ್ಲ.

ನಾನು ಸರಳವಾಗಿ ಬದುಕುತ್ತಿದ್ದೇನೆ ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಸರಳವಾಗಿ ಬದುಕುತ್ತಿದ್ದವರು ಅವರು. ನನ್ನ ಚೀಲ ಹಗುರವಾಗಿರುವುದು ಅವರ ಮನೆಯ ಡಬ್ಬಿಯಲ್ಲಿ ಹಿಟ್ಟು ಇರುವುದರಿಂದ. ನಮ್ಮ ಬಾಗಲಕೋಟೆ ಕಡೆ ಯುಗಾದಿಯ ಹೊತ್ತಿಗೆ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ದಾಸೋಹ ನಡೆಯುತ್ತದಲ್ವಾ, ನಾನು ಚಿಕ್ಕವನಿದ್ದಾಗ ಅಲ್ಲಿ ನೀರು ಕೊಡಲು ನಿಲ್ಲುತ್ತಿದ್ದೆ. ತೆಗೆದುಕೊಳ್ಳುವ ಕಡೆ ನಿಂತಾಗಲೇ ಅದರ ಭಾರ ಗೊತ್ತಾದದ್ದು.

ಇದು ಅತಿ ಹೆಚ್ಚು ಕಾಡುವುದು ಶೂಲಪಾಣಿ ಝಾಡಿಯಲ್ಲಿ. ಮಧ್ಯಪ್ರದೇಶ, ಮಹಾರಾಷ್ಟ್ರ, ಗುಜರಾತ್ ಕೂಡುವ ಸಾತಪುಡಾದ ಬೆಟ್ಟಸಾಲು ಅದು. ಹಿಂದೆ ಇಲ್ಲಿನ ಭಿಲ್ಲರು ಪರಿಕ್ರಮಾವಾಸಿಗಳ ಮೈಮೇಲಿನ ಬಟ್ಟೆಯನ್ನೂ ಬಿಡದೆ ದೋಚುತ್ತಿದ್ದರಂತೆ. ಪರಿಕ್ರಮಾವಾಸಿಗಳು ಅವರನ್ನು ಮಾಮಾ ಅನ್ನುತ್ತಾರೆ, ಮೈಯಾ, ಅಂದರೆ ತಾಯಿ ನರ್ಮದೆ, ತನ್ನ ಮಕ್ಕಳ ಕೊನೆಯ ಗಂಟನ್ನೂ ಇವರ ಕೈಯಲ್ಲಿ ಬಿಡಿಸುತ್ತಾಳೆ ಅಂತ ನಂಬಿಕೆ. ಈಗ ಅದೇ ಮಾಮಾಗಳ ಮನೆಗಳಲ್ಲಿ ನಮಗೆ ಊಟ, ಜಾಗ. ಆದರೆ ಅವರನ್ನು ದೋಚಿದ್ದು ಯಾರು? ಗುಜರಾತಿನಲ್ಲಿ ನರ್ಮದೆಗೆ ಕಟ್ಟಿದ ಸರ್ದಾರ್ ಸರೋವರ ಅಣೆಕಟ್ಟಿನ ನೀರು ಏರಿದಾಗ ಮುಳುಗಿದ ಹಳ್ಳಿಗಳಲ್ಲಿ ಹೆಚ್ಚಿನವು ಇಂಥ ಆದಿವಾಸಿ ಹಳ್ಳಿಗಳೇ. ಮಹಾರಾಷ್ಟ್ರದ ಮಣಿಬೇಲಿಗೆ 1993ರಲ್ಲೇ ನೀರು ನುಗ್ಗಿತು. ಆಮೇಲೆ ಅಣೆಕಟ್ಟು ಏರುತ್ತಾ ಏರುತ್ತಾ 138.68 ಮೀಟರಿಗೆ ಬಂದು, 2017ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆ ಆಯಿತು. ಹಳೆಯ ಶೂಲಪಾಣೇಶ್ವರ ಗುಡಿ, ದಂಡೆಗುಂಟ ಇದ್ದ ಹಳೆಯ ಕಾಲುದಾರಿ ಎಲ್ಲ ನೀರಿನಡಿ. ಈಗ ಪರಿಕ್ರಮೆ ಬೆಟ್ಟದ ಮೇಲಿಂದ, ನದಿಯಿಂದ ದೂರ ದೂರ ಹೋಗುತ್ತದೆ.

ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ನಡುವೆ ಬೆಳೆದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಝಾಡಿಯ ಒಂದು ಗುಡಿಸಲಲ್ಲಿ ಮನೆಯ ಯಜಮಾನ ಕೆಳಗಿನ ನೀರಿನ ಕಡೆ ಕೈ ತೋರಿಸಿ, ನಮ್ಮ ಹೊಲ ಅಲ್ಲಿತ್ತು, ನಮ್ಮಪ್ಪನ ಮನೆ ಅಲ್ಲಿತ್ತು ಅಂತ ಹೇಳಿದರು. ಹೇಳುತ್ತಲೇ ನನ್ನ ಲೋಟಕ್ಕೆ ಚಹಾ ಬಗ್ಗಿಸಿದರು. ನಾನು ಇಷ್ಟಪಟ್ಟು ಮನೆ ಬಿಟ್ಟು ಬಂದವನು, ಬೇಕೆಂದಾಗ ರೈಲು ಹತ್ತಿ ವಾಪಸ್ ಹೋಗಬಲ್ಲೆ. ಅವರ ಮನೆ ಹೋದದ್ದು ಯಾರನ್ನೂ ಕೇಳಿ ಅಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು "ಮನೆ ಅನ್ನೋದೇ ಒಂದು ಬಂಧನ" ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಖಂಡಿತ ಹೋಗಿ. ನಮ್ಮ ಕಡೆಯವರೂ ಅಲ್ಲಿ ಸಿಗುತ್ತಾರೆ, ಅದರಲ್ಲೂ ಗಾಣಗಾಪುರದ ದತ್ತ ಭಕ್ತರು, ಯಾಕೆಂದರೆ ದತ್ತ ಸಂಪ್ರದಾಯದ ಯತಿ ಟೆಂಬೆ ಸ್ವಾಮಿಗಳ ಸಮಾಧಿ ಇರುವುದು ಉತ್ತರ ದಂಡೆಯ ಗರುಡೇಶ್ವರದಲ್ಲಿ. ಹೋದರೆ ಸಣ್ಣ ಊರಿಗೆ ದೊಡ್ಡ ಗುಂಪು ಕಟ್ಟಿಕೊಂಡು ಹೋಗಬೇಡಿ. ಇಬ್ಬರು, ಹೆಚ್ಚೆಂದರೆ ಮೂವರು. ಕೊಟ್ಟದ್ದನ್ನು ಉಣ್ಣಿ, ಗೋಧಿ ರೊಟ್ಟಿ ಇಲ್ವಾ, ಹಾಲಿನ ಚಹಾ ಇಲ್ವಾ ಅಂತ ಕೇಳಬೇಡಿ. ಹಾಗೆ ಕೇಳುವವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಬೆಳಿಗ್ಗೆ ಮಲಗಿದ ಜಾಗ ಗುಡಿಸಿ, ಒಲೆಯ ಬೂದಿ ತೆಗೆದು, ಸಾಧ್ಯವಾದರೆ ಒಂದೆರಡು ಕೊಡ ನೀರು ತಂದಿಟ್ಟು ಹೊರಡಿ. ದಾರಿಯಲ್ಲಿ ಯಾರಾದರೂ ದಕ್ಷಿಣೆ ಅಂತ ನೋಟು ಕೈಗಿಟ್ಟರೆ ಅದರಲ್ಲಿ ಬೇಳೆಯೋ ಬೆಲ್ಲವೋ ತಗೊಂಡು ಮುಂದಿನ ಝಾಡಿಯ ಮನೆಗೆ ಕೊಡಿ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಖಂಡ್ವಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ಓಂಕಾರೇಶ್ವರಕ್ಕೆ ಬಸ್ಸಿದೆ. ಹೆಚ್ಚಿನವರು ಪರಿಕ್ರಮೆ ಶುರು ಮಾಡುವುದು ಅಲ್ಲಿಂದಲೇ. ಹೊಸ ಬೂಟು ಹಾಕಿಕೊಂಡು ಹೋಗಬೇಡಿ, ಸವೆದು ಕಾಲಿಗೆ ಹೊಂದಿಕೊಂಡಿರುವುದೇ ಇರಲಿ.