ಐಎನ್‌ಎಸ್ ಮೈಸೂರು, 1:200: ಮುಂಬದಿಯ ಮಾಸ್ಟ್ ಕೊನೆಗೂ ನಿಂತಿತು

ಇನ್ನೂರರಲ್ಲೊಂದು ಅಳತೆಗೆ ನಾನು ಕಟ್ಟುತ್ತಿರುವ ಯುದ್ಧನೌಕೆಯ ಮಾದರಿ ಇದು. ನಿನ್ನೆ ರಾತ್ರಿ ಹನ್ನೊಂದೂವರೆಗೆ ಅದರ ಮಾಸ್ಟನ್ನು, ಅಂದರೆ ಡೆಕ್ಕಿನ ಮೇಲಿನ ಕಂಬವನ್ನು, ಬೆಸೆಯುವಾಗ ಹಿಡಿದಿಡುವ ಜಿಗ್‌ನಿಂದ ಬಿಡಿಸಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ನಿಂತಿತು. ಬೆರಳಿನಿಂದ ತಟ್ಟಿದೆ, ಆಗಲೂ ನಿಂತೇ ಇತ್ತು. ಮಲಗಿದ್ದ ಆಯಿಯನ್ನು ಎಬ್ಬಿಸಿ ತೋರಿಸಿದೆ. ಐದನೇ ಮಾಸ್ಟ್ ಇದು. ಮೊದಲಿನ ನಾಲ್ಕೂ ಡಬ್ಬಿಯಲ್ಲಿ ಹಿತ್ತಾಳೆ ಚೂರುಗಳಾಗಿ ಬಿದ್ದಿವೆ.

ಹಲ್ (ಹಡಗಿನ ಒಡಲು) ಬಗ್ಗೆ ಈ ಸಲ ಬರೆಯುವುದಿಲ್ಲ. ಹಲಗೆ ಹೊದಿಸುವ ಪ್ಲಾಂಕಿಂಗ್, ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ, ಎಲ್ಲ ನಿಮಗೆ ಗೊತ್ತಿದ್ದದ್ದೇ. 84.6 ಸೆಂ.ಮೀ. ಉದ್ದದ ಹಡಗು ಮುಲುಂಡಿನ ನಮ್ಮ ಊಟದ ಮೇಜನ್ನು ಆಕ್ರಮಿಸಿಕೊಂಡು ಐದು ತಿಂಗಳಾಯಿತು. ತೋಪು ಕೂರುವ ಮೂರು ಟರೆಟ್, ಒಂಬತ್ತು ಆರಿಂಚಿನ ತೋಪು, ನೆಟ್ಟಗೆ ನಿಂತ ಎರಡು ಚಿಮಣಿ, ಎಲ್ಲ ಮುಗಿದಿದೆ.

ತಡೆದದ್ದು ಮಾಸ್ಟ್. ಈ ಹಡಗು ಮೊದಲು ಬ್ರಿಟಿಷರ ಎಚ್‌ಎಂಎಸ್ ನೈಜೀರಿಯಾ ಆಗಿದ್ದಾಗ ಮೂರು ಕಾಲಿನ ಮಾಸ್ಟ್ ಇತ್ತು. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ದೊಡ್ಡ ರಿಪೇರಿಯಾಗಿ 1957ರ ಆಗಸ್ಟ್ 29ರಂದು ನಮ್ಮ ನೌಕಾಪಡೆಗೆ ಸೇರುವಾಗ ಅದರ ಜಾಗಕ್ಕೆ ಜಾಲರಿ ಮಾಸ್ಟ್ ಬಂದಿತ್ತು. ಹಾಗಾಗಿ ನೈಜೀರಿಯಾದ ನಕ್ಷೆ ಡೆಕ್‌ವರೆಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಅಲ್ಲಿಂದ ಮೇಲೆ ಫೋಟೊಗಳೇ ಗತಿ. ನನ್ನ ಬಳಿ ಇರುವುದರಲ್ಲಿ ಅತಿ ಸ್ಪಷ್ಟವಾದದ್ದು ಅಪ್ಪನ ಫೋಟೊ: ಬಿಳಿ ಸಮವಸ್ತ್ರ, ಕೈ ಬಾವುಟದ ಪೆಟ್ಟಿಗೆಯ ಮೇಲೆ, ತಲೆಯ ಹಿಂದೆ ಮಾಸ್ಟಿನ ಬುಡ. ಅಪ್ಪ ಸಿಗ್ನಲ್‌ಮನ್ ಆಗಿದ್ದರು, ಅಕ್ಷರಕ್ಕೊಂದರಂತೆ ಬಾವುಟ ಹಾರಿಸಿ ಬೇರೆ ಹಡಗುಗಳಿಗೆ ಸಂದೇಶ ಕೊಡುವವರು. ಇಪ್ಪತ್ನಾಲ್ಕು ವರ್ಷದ ನೌಕರಿಯಲ್ಲಿ ಅವರ ಮನಸ್ಸು ನೆಟ್ಟದ್ದು ಇದೊಂದೇ ಹಡಗಿನಲ್ಲಿ. ಬರುವ ತಿಂಗಳು ಅವರ ವರ್ಷಾಂತಿಕ. ಅಷ್ಟರೊಳಗೆ ಮುಗಿಯಬೇಕು.

ಸಮಸ್ಯೆ ಹೇಳುತ್ತೇನೆ. ನಾಲ್ಕು ಕಾಲಿಗೆ 0.8 ಮಿ.ಮೀ. ತಂತಿ, ಅಡ್ಡಪಟ್ಟಿಗಳಿಗೆ 0.4. ಐದು ಅಂತಸ್ತು. ಕಾಲುಗಳ ಮೇಲೆ 24 ಬೆಸುಗೆ, ಪಟ್ಟಿಗಳು ಒಂದನ್ನೊಂದು ದಾಟುವಲ್ಲಿ 20. ಎರಡನೇ ಅಂತಸ್ತಿನವರೆಗೆ ಸಲೀಸು. ಮೂರನೆಯದಕ್ಕೆ ಬೆಸುಗೆಯ ಐರನ್ ಮುಟ್ಟಿಸಿದರೆ ಎರಡನೆಯದು ಕಳಚುತ್ತದೆ. ಅದನ್ನು ಹಿಡಿಯಲು ಹೋದರೆ ಮೊದಲನೆಯದು. ಪಕ್ಕದ ಜಾಯಿಂಟಿಗೆ ಒದ್ದೆ ಹತ್ತಿ ಸುತ್ತಿದೆ, ಕಾವೆಲ್ಲ ಹತ್ತಿಯೇ ಕುಡಿದು ಬೆಸುಗೆ ಹಿಡಿಯಲಿಲ್ಲ. ಸೂಪರ್‌ಗ್ಲೂ ಹಾಕಿದ ಮೂರನೇ ಮಾಸ್ಟ್ ಹಗ್ಗ ಬಿಗಿಯುವಾಗ ಪಟಪಟನೆ ಬಿಟ್ಟುಕೊಂಡಿತು.

ಅಂಗಡಿಯವರ ಕಾಟ ಬೇರೆ. ಮುಂಬಯಿಯ ನಾಗದೇವಿ ಬೀದಿಯ ಒಂದು ಅಂಗಡಿಯಲ್ಲಿ 0.4 ಎಂದು ಕೊಟ್ಟ ತಂತಿ ಮನೆಗೆ ಬಂದು ಕ್ಯಾಲಿಪರ್ ಹಿಡಿದರೆ 0.6. ವಾಪಸ್ ಹೋದರೆ ‘ಇಷ್ಟರಲ್ಲಿ ಏನಾಗ್ತದೆ ತಾಯಿ’ ಎಂದರು. ಅಂಚೆಯಲ್ಲಿ ತರಿಸಿದ್ದು ಅಳತೆಗೆ ಸರಿಯಿತ್ತು. ಆದರೆ ಮೇಲೆ ಹೊಳಪಿಗೆಂದು ಲ್ಯಾಕರ್ ಬಳಿದಿದ್ದರು. ಬೆಸುಗೆಯ ಸೀಸ ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳುತ್ತಿತ್ತು. ಕಾರಣ ತಿಳಿಯಲು ಎರಡು ದಿನ, ಅಸಿಟೋನಿನಲ್ಲಿ ಒರೆಸಲು ಎರಡು ನಿಮಿಷ. ಸುರುಳಿ ಬಿದ್ದ ತಂತಿ ನೇರವಾಗಲು ಒಂದು ತುದಿ ವೈಸಿಗೆ ಕೊಟ್ಟು, ಇನ್ನೊಂದನ್ನು ಇಕ್ಕಳದಲ್ಲಿ ಹಿಡಿದು, ಅದು ಚೂರು ಹಿಗ್ಗುವವರೆಗೆ ಎಳೆಯಿರಿ.

ದಾರಿ ಸಿಕ್ಕಿದ್ದು ಅಪ್ಪನ ಕಿಟ್‌ಬ್ಯಾಗಿನಲ್ಲಿ. ಆಯಿ ಅದನ್ನು ಬಿಸಿಲಿಗೆ ಹಾಕಿದ್ದಳು. ಒಳಗೆ ಅವರ ಚಾಕುವಿನ ಹಗ್ಗ. ತುದಿ ಬಿಚ್ಚಿಕೊಳ್ಳದಂತೆ ಮೇಣದ ನೂಲು ಸುತ್ತಿ, ನೂಲಿನ ಕೊನೆಯನ್ನು ಸುತ್ತಿನಡಿಯೇ ತೂರಿಸಿ ಎಳೆದಿದ್ದರು. ಗಂಟು ಕಾಣುವುದಿಲ್ಲ. ನನ್ನ ಶಾಲೆಯ ಚೀಲದ ದಾರಕ್ಕೂ, ಬಾವಿ ಹಗ್ಗಕ್ಕೂ ಹೀಗೇ ಸುತ್ತುತ್ತಿದ್ದರು. ‘ತಂಗಿ, ಈ ಬದಿ ಹಿಡ್ಕೋ’ ಎನ್ನುತ್ತಿದ್ದರು. ಹಗ್ಗ ಕೈಯಲ್ಲಿರುವಾಗಲೇ ಹೊಳೆಯಿತು: ಬೆಸುಗೆ ಕರಗಲಿ ಬಿಡು, ಜಾಯಿಂಟನ್ನು ಮೊದಲೇ ಕಟ್ಟಿಟ್ಟಿದ್ದರೆ ಅದು ಹೋಗುವುದೆಲ್ಲಿಗೆ?

ಹಳೆಯ ಇಸ್ತ್ರಿಪೆಟ್ಟಿಗೆಯ ವೈರ್ ಸುಲಿದು, ಕೂದಲೆಳೆಯಂಥ ತಾಮ್ರದ ಎಳೆ ತೆಗೆದು, ಪ್ರತಿ ಜಾಯಿಂಟಿಗೂ ಎರಡು ಸುತ್ತು. ಆಮೇಲೆ ಬೆಸುಗೆ ಹಿಡಿಯಲು ಹಚ್ಚುವ ಫ್ಲಕ್ಸ್, ಐರನ್ ಮುಟ್ಟಿಸಿ ತೆಗೆ. ಪಕ್ಕದ್ದು ಕರಗಿತು, ಕಣ್ಣಾರೆ ಕಂಡೆ, ಜಾಗದಿಂದ ಕದಲಲಿಲ್ಲ. 44 ಕಟ್ಟಿಗೆ ಒಂಬತ್ತು ಸಂಜೆ. ಅರ ಆಡಿಸಿ ಬಣ್ಣ ಬಳಿದರೆ ಸುತ್ತು ಕಾಣದು.

ಇದೇ ಕಟ್ಟು ಮುಂದಿನ ಕೆಲಸಕ್ಕೂ ಬೇಕು: ಮಂಗಳೂರು ಹೆಂಚು ಹೇರಿಕೊಂಡು ಮುಂಬಯಿಗೆ ಬರುತ್ತಿದ್ದ ಹಾಯಿ ಮಚ್ವೆ. ಅಂಕೋಲೆಯ ಹುಡುಗ ಅಪ್ಪ ಮೊದಲು ಕಂಡ ದೊಡ್ಡ ಹಡಗು ಅದೇ. ಸಾಗವಾನಿ ಚೂರುಗಳನ್ನು ಈಗಲೇ ಕೂಡಿಡುತ್ತಿದ್ದೇನೆ. ಹೆಂಚನ್ನು ಜೇಡಿಯಲ್ಲೇ ಸುಡಬೇಕೆಂಬ ಆಸೆ.

ಉಳಿದದ್ದು ಬಾವುಟ. ಅಪ್ಪನಿಗೆ ನಾವು ಬರೆಯುತ್ತಿದ್ದ ವಿಳಾಸ ಒಂದೇ, ಹಡಗು ಎಲ್ಲೇ ಇರಲಿ: ಫ್ಲೀಟ್ ಮೇಲ್ ಆಫೀಸ್, ಬಾಂಬೆ. ಅಲ್ಲಿಂದ ಬರುವ ಇನ್‌ಲ್ಯಾಂಡ್ ಪತ್ರದ ಕೆಳಗೆ ಬಣ್ಣದ ಪೆನ್ಸಿಲಿನಲ್ಲಿ ನನ್ನ ಹೆಸರಿನ ಅಕ್ಷರಗಳ ಬಾವುಟ ಸಾಲಾಗಿ ಇರುತ್ತಿದ್ದವು. 71ರ ಯುದ್ಧದಲ್ಲಿ ಮೈಸೂರು ಪಶ್ಚಿಮ ನೌಕಾಬಳಗದ ಧ್ವಜನೌಕೆ. ಆ ದಿನಗಳ ಬಗ್ಗೆ ಎಷ್ಟು ಕೇಳಿದರೂ ‘ನಿದ್ದೆ ಇರ್ಲಿಲ್ಲ, ಚಾ ಚಲೋ ಇತ್ತು’ ಎಂದಷ್ಟೇ ಹೇಳುತ್ತಿದ್ದರು. ಮನೆಯಲ್ಲಿ ಮಾತ್ರ ಬಾವುಟದ್ದೇ ಭಾಷೆ. ಆಯಿ ಸಿಟ್ಟಾದ ದಿನ ನಮ್ಮ ಕಿವಿಯಲ್ಲಿ ‘ಯು ಹಾರಿಸಿದ್ದಾಳೆ’ ಎನ್ನುತ್ತಿದ್ದರು. ಕೆಂಪು ಬಿಳಿ ನಾಲ್ಕು ಚೌಕದ ಯು ಬಾವುಟಕ್ಕೆ ‘ನೀವು ಅಪಾಯದತ್ತ ಸಾಗುತ್ತಿದ್ದೀರಿ’ ಎಂದು ಅರ್ಥ.

ಇಂದು ಬೆಳಿಗ್ಗೆ ಆಯಿಯನ್ನು ಕೇಳಿದೆ, ಮಾಸ್ಟಿಗೆ ಯಾವ ಬಾವುಟ ಕಟ್ಟಲಿ ಎಂದು. ಕಾಯಿ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ.

‘ನಂದು ಕಟ್ಟು. ಕೆಂಪು ಬಿಳೀದು.’

ಟಿಶ್ಯೂ ಪೇಪರಿನಲ್ಲಿ ಆರು ಮಿ.ಮೀ. ಚೌಕ ಕತ್ತರಿಸಿಟ್ಟಿದ್ದೇನೆ. ಕೆಂಪು ಒಣಗುತ್ತಿದೆ.